ಕಾರವಾರದ ಝೆರಾಕ್ಸ್ ಅಂಗಡಿಯ ಫಿಸಿಕ್ಸ್ ಕಟ್ಟು: ಲೆಕ್ಕ ಚೆನ್ನ, ಉತ್ತರ ನಂಬಬೇಡಿ

ದ್ವಿತೀಯ ಪಿಯುಸಿಯವರಿಗಾಗಿ ಕಾರವಾರದ ಝೆರಾಕ್ಸ್ ಅಂಗಡಿಯೊಂದರಲ್ಲಿ ಸಿಗುವ ಸ್ಪೈರಲ್ ಬೈಂಡಿನ ಕಟ್ಟು ಇದು. ಫೋಟೊಎಲೆಕ್ಟ್ರಿಕ್ ಪರಿಣಾಮ, ಡಿಬ್ರಾಯ್ ತರಂಗ, ನ್ಯೂಕ್ಲಿಯಸ್ಸು, ಮೂರರದ್ದೂ ಲೆಕ್ಕಗಳಿವೆ.

ದುಡ್ಡು ಕೊಡಬಹುದಾದರೆ ಅದು ಕೈಗಾ ಅಣುವಿದ್ಯುತ್ ಸ್ಥಾವರದ ಲೆಕ್ಕಕ್ಕೆ. 220 ಮೆಗಾವಾಟಿನ ಒಂದು ಘಟಕ, ದಕ್ಷತೆ ಶೇ 30 ಎಂದಿಟ್ಟುಕೊಂಡರೆ ದಿನಕ್ಕೆ ಎಷ್ಟು ಯುರೇನಿಯಂ-235 ವಿದಳನವಾಗಬೇಕು, ಅಂದರೆ ಒಡೆಯಬೇಕು? ಹುಡುಗರು ನೇರ 220 ಹಾಕಿ 232 ಗ್ರಾಂ ಎಂದು ಬರೆದುಬಿಡುತ್ತಾರೆ. 220 ಎಂಬುದು ತಂತಿಗೆ ಹೋಗುವ ವಿದ್ಯುತ್ತು; ರಿಯಾಕ್ಟರಿನ ಶಾಖ ಬೇಕೆಂದರೆ 0.3ರಿಂದ ಭಾಗಿಸಬೇಕು, 733 ಮೆಗಾವಾಟ್. ಒಂದು ವಿದಳನಕ್ಕೆ 200 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್), ಅಂದರೆ 3.2×10⁻¹¹ ಜೂಲ್. ಸೆಕೆಂಡಿಗೆ ಸುಮಾರು 2.3×10¹⁹ ವಿದಳನ. 86,400ರಿಂದ ಗುಣಿಸಿ, ಅವೊಗಾಡ್ರೊ ಸಂಖ್ಯೆಯಿಂದ ಭಾಗಿಸಿ, 235ರಿಂದ ಗುಣಿಸಿದರೆ ಹತ್ತಿರ ಹತ್ತಿರ 770 ಗ್ರಾಂ. ಒಂದು ಕೊರತೆ: ನೈಸರ್ಗಿಕ ಯುರೇನಿಯಂ ಉರಿಸುವ ಇಂಥ ರಿಯಾಕ್ಟರಿನಲ್ಲಿ ಒಳಗೇ ಹುಟ್ಟುವ ಪ್ಲುಟೋನಿಯಂ-239 ಕೂಡ ಒಡೆಯುತ್ತದೆ. ‘ಎಲ್ಲವೂ 235ರದ್ದೇ ಎಂದು ಭಾವಿಸಿ’ ಎಂಬ ಒಂದು ಸಾಲು ಇರಬೇಕಿತ್ತು.

ಉತ್ತರಪಟ್ಟಿ ಕೈಕೊಡುವುದು ಪಾಸಿಟ್ರಾನ್ (ಧನ ಆವೇಶದ ಎಲೆಕ್ಟ್ರಾನ್) ಹೊರಬೀಳುವ ಕ್ಷಯದಲ್ಲಿ. ಸೋಡಿಯಂ-22 ನಿಯಾನ್-22 ಆಗುವಾಗ ಪಾಸಿಟ್ರಾನಿಗೆ ಸಿಗುವ ಗರಿಷ್ಠ ಶಕ್ತಿಯನ್ನು 2.84 ಎಂಇವಿ ಎಂದು ಅಚ್ಚು ಹಾಕಿದ್ದಾರೆ. ಕೊಟ್ಟಿರುವುದು ಪರಮಾಣು ದ್ರವ್ಯರಾಶಿ, ಅದರಲ್ಲಿ ಎಲೆಕ್ಟ್ರಾನುಗಳೂ ಸೇರಿವೆ. ಸೋಡಿಯಂನಲ್ಲಿ 11 ಎಲೆಕ್ಟ್ರಾನ್, ನಿಯಾನ್‌ನಲ್ಲಿ 10. ಆ ಹೆಚ್ಚಿನ ಎಲೆಕ್ಟ್ರಾನೂ ಹೊರಬಿದ್ದ ಪಾಸಿಟ್ರಾನೂ ಸೇರಿ ಎರಡರ ದ್ರವ್ಯರಾಶಿ, 1.022 ಎಂಇವಿ, ಕಳೆಯಬೇಕು. ಸರಿಯುತ್ತರ 1.82. ಎಲೆಕ್ಟ್ರಾನ್ ಹೊರಬೀಳುವ ಬೀಟಾ ಮೈನಸ್‌ನಲ್ಲಿ ಈ ಕಳೆಯುವಿಕೆ ಇಲ್ಲ, ಗೊಂದಲ ಹುಟ್ಟುವುದೇ ಅಲ್ಲಿ.

ಮೊದಲ ಪುಟದಲ್ಲೇ ಚೌಕ ಹಾಕಿ 1240 ಎಂದು ಬರೆದಿದ್ದಾರೆ; ಅದನ್ನು ನ್ಯಾನೊಮೀಟರ್ ತರಂಗಾಂತರದಿಂದ ಭಾಗಿಸಿದರೆ ಶಕ್ತಿ ಇವಿಯಲ್ಲಿ (ಎಲೆಕ್ಟ್ರಾನ್ ವೋಲ್ಟ್) ಬರುತ್ತದೆ. ಆದರೆ ಅದು ಫೋಟಾನಿಗೆ, ಅಂದರೆ ಬೆಳಕಿನ ಕಣಕ್ಕೆ, ಮಾತ್ರ ಎಂದು ಹೇಳಿಲ್ಲ. 400 ನ್ಯಾನೊಮೀಟರ್ ಬೆಳಕಿಗೆ 3.1 ಇವಿ, ಸರಿ. ಅದೇ ಸೂತ್ರವನ್ನು 100 ವೋಲ್ಟ್ ದಾಟಿದ ಎಲೆಕ್ಟ್ರಾನಿಗೆ ಹಾಕಿದರೆ 12.4 ನ್ಯಾನೊಮೀಟರ್ ಬರುತ್ತದೆ, ನಿಜವಾದದ್ದು 0.123. ನೂರು ಪಟ್ಟು ತಪ್ಪು! ಎಲೆಕ್ಟ್ರಾನಿಗೆ 1.227ನ್ನು ವೋಲ್ಟಿನ ವರ್ಗಮೂಲದಿಂದ ಭಾಗಿಸಿ.

ಹಾಫ್ ಲೈಫ್ ಲೆಕ್ಕಗಳು ಮಾಮೂಲು.

ಅಚ್ಚಿನ ಬಗ್ಗೆ ಎಚ್ಚರ. ಪ್ರತಿಯ ಮೇಲೆ ಪ್ರತಿ ತೆಗೆದು ಘಾತದ ಮೈನಸ್ ಗೆರೆ ಅಳಿಸಿಹೋಗಿದೆ, ಪ್ಲಾಂಕ್ ಸ್ಥಿರಾಂಕದ 10⁻³⁴ ಎಂಬುದು 10³⁴ ಆಗಿ ಕೂತಿದೆ. ಜೂನ್ ಮಳೆಗೆ ಹಾಳೆ ತೇವ ಹಿಡಿದರಂತೂ ಕೇಳುವುದೇ ಬೇಡ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಸ್ಥಿರಾಂಕಗಳ ಪುಟ ಬಿಡಿಸಿ, ಮೈನಸ್ ಕಾಣುವ ಪ್ರತಿ ಕೇಳಿ ತೆಗೆದುಕೊಳ್ಳಿ.