ಮ್ಯಾಂಟಿಸ್ ಸೀಗಡಿ ತರುವ ಮೊದಲು ಕಲ್ಲಿನ ಜಾತಕ ಕೇಳಿ

ಉಪ್ಪುನೀರಿನ ಅಕ್ವೇರಿಯಂಗೆ ಯಾರಾದರೂ ಬಳಸಿದ ಕಲ್ಲು, ಮರಳು ಕೊಡುತ್ತೇನೆ ಅಂದರೆ ಮೊದಲು ಒಂದು ಪ್ರಶ್ನೆ ಕೇಳಿ: "ಈ ಟ್ಯಾಂಕಿಗೆ ಯಾವತ್ತಾದರೂ ಮೀನಿನ ಔಷಧಿ ಹಾಕಿದ್ದಿರಾ?" ನಾನು ಇದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿದ್ದೆ. ತಂದ ಹತ್ತನೇ ದಿನಕ್ಕೆ ನನ್ನ ಮ್ಯಾಂಟಿಸ್ ಸೀಗಡಿ ಸತ್ತಿತ್ತು.

ನನಗಿದ್ದ ಭಯವೆಲ್ಲ ಗಾಜು ಒಡೆಯುತ್ತೆ ಅಂತ. ನವಿಲುಬಣ್ಣದ ಈ ಜಾತಿ ತನ್ನ ಗದೆಯಂಥ ಮುಂಗಾಲನ್ನು ಸೆಕೆಂಡಿಗೆ ಸುಮಾರು 23 ಮೀಟರ್ ವೇಗದಲ್ಲಿ ಬೀಸುತ್ತದೆ. ಆ ರಭಸಕ್ಕೆ ನೀರಿನಲ್ಲೇ ಗುಳ್ಳೆ ಹುಟ್ಟಿ ಒಡೆಯುತ್ತದೆ, ಅದು ಇನ್ನೊಂದು ಏಟು. ಹಾಗಾಗಿ ತೆಳು ಗಾಜು ಬೇಡವೇ ಬೇಡ, ಅಕ್ರಿಲಿಕ್ಕೇ ಆಗಬೇಕು ಅಂತ ಹಟ ಹಿಡಿದೆ. ಹುಡುಕಿ ಹುಡುಕಿ ಕೊನೆಗೆ 150 ಲೀಟರಿನದು ಸಿಕ್ಕಿತು. ಮೀನು ಸಾಕುವುದನ್ನು ಬಿಡುತ್ತಿದ್ದ ಒಬ್ಬರು ಟ್ಯಾಂಕ್ ಜೊತೆ ಲೈವ್ ರಾಕ್ (ಬ್ಯಾಕ್ಟೀರಿಯಾ, ಸಣ್ಣ ಜೀವಿಗಳು ಮನೆ ಮಾಡಿಕೊಂಡಿರುವ ಕಲ್ಲು), ಮರಳು, ಫಿಲ್ಟರ್ ಎಲ್ಲ ಕೊಟ್ಟರು.

ನನಗೋ ಖುಷಿ. ಹೊಸ ಟ್ಯಾಂಕ್ ಅಂದರೆ ಕೊಳೆಯಿಂದ ಹುಟ್ಟುವ ವಿಷಕಾರಿ ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟ್ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗುವ ತನಕ ನಾಲ್ಕರಿಂದ ಆರು ವಾರ ಕಾಯಬೇಕು. ಹಳೇ ಕಲ್ಲಿನಲ್ಲಿ ಆ ಕೆಲಸ ಮಾಡುವ ಬ್ಯಾಕ್ಟೀರಿಯಾ ಮೊದಲೇ ಮನೆ ಮಾಡಿಕೊಂಡಿರುತ್ತವೆ. ಎರಡೇ ವಾರದಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಉಪ್ಪಿನಂಶ ಸಾವಿರಕ್ಕೆ 35. ಟೆಸ್ಟ್ ಕಿಟ್ ಪ್ರಕಾರ ಎಲ್ಲವೂ ಸರಿ.

ಸರಿ ಇರಲಿಲ್ಲ. ಸೂಚನೆ ಎರಡು ಸಿಕ್ಕಿದ್ದವು, ಎರಡನ್ನೂ ತಳ್ಳಿಹಾಕಿದೆ. ಒಳ್ಳೆಯ ಲೈವ್ ರಾಕ್ ಮೇಲೆ ರಾತ್ರಿ ಟಾರ್ಚ್ ಬಿಟ್ಟರೆ ಸಣ್ಣ ಹುಳು, ಸಾಸಿವೆಯಷ್ಟು ಜೀವಿಗಳು ಚೆಲ್ಲಾಪಿಲ್ಲಿ ಓಡಬೇಕು. ನನ್ನ ಕಲ್ಲು ತೊಳೆದಿಟ್ಟ ಪಾತ್ರೆಯಂತಿತ್ತು. ಎಷ್ಟು ಸ್ವಚ್ಛ ಅಂತ ಮೆಚ್ಚಿಕೊಂಡೆ, ದಡ್ಡ! ಆಮೇಲೆ ಸೀಗಡಿಯ ಊಟಕ್ಕೆ ಅಂತ ನಾಲ್ಕು ಬಸವನಹುಳು ಬಿಟ್ಟೆ. ಎರಡು ದಿನದಲ್ಲಿ ಮೂರು ಮಗುಚಿ ಬಿದ್ದವು. ಪ್ರಯಾಣದ ಸುಸ್ತು ಇರಬೇಕು ಅಂದುಕೊಂಡೆ.

ಸೀಗಡಿ ಬಂತು. ಅಂಗೈ ಉದ್ದದ್ದು. ಕಡ್ಡಿಯ ತುದಿಗೆ ಸಿಕ್ಕಿಸಿದಂಥ ಕಣ್ಣುಗಳು, ಒಂದು ನನ್ನನ್ನು ನೋಡುತ್ತಿದ್ದರೆ ಇನ್ನೊಂದು ಮೇಲೆ ಬಲ್ಬಿನ ಕಡೆ. ನಾನಿಟ್ಟಿದ್ದ ಪಿವಿಸಿ ಪೈಪಿನೊಳಗೆ ನುಗ್ಗಿ, ಹೊರಗೆ ಬಂದು, ಚಿಪ್ಪಿನ ಚೂರುಗಳನ್ನು ಒಂದೊಂದಾಗಿ ಎತ್ತಿ ತಂದು ಬಾಗಿಲಿಗೆ ಜೋಡಿಸಿತು. ಒಂದು ಚೂರು ಹಿಡಿಸಲಿಲ್ಲ, ವಾಪಸ್ ಎಸೆಯಿತು. ಮೂರನೇ ರಾತ್ರಿ ಪಕ್ಕದ ಕೋಣೆಗೆ ಕೇಳುವ ಹಾಗೆ ಟಕ್ ಅಂತ ಸದ್ದು. ಉಳಿದಿದ್ದ ಒಂದು ಬಸವನಹುಳುವಿನ ಕಥೆ ಮುಗಿದಿತ್ತು.

ಐದನೇ ದಿನದಿಂದ ಊಟ ಬಿಟ್ಟಿತು. ಇಲ್ಲೇ ನನ್ನ ಅರ್ಧಂಬರ್ಧ ಓದು ಕೈಕೊಟ್ಟಿದ್ದು. ಪೊರೆ ಬಿಡುವ ಮೊದಲು ಮ್ಯಾಂಟಿಸ್ ತಿನ್ನುವುದಿಲ್ಲ, ಬಿಲ ಸೇರಿಕೊಳ್ಳುತ್ತದೆ, ಆಗ ತೊಂದರೆ ಕೊಡಬಾರದು ಅಂತ ಓದಿದ್ದೆ. ಮನೆಯವರಿಗೂ ಅದನ್ನೇ ಜಂಬದಿಂದ ಹೇಳಿ ಸುಮ್ನೆ ಕಾದೆ. ಆದರೆ ಪೊರೆ ಬಿಡುವ ಪ್ರಾಣಿ ಸಾಮಾನ್ಯವಾಗಿ ಬಾಗಿಲು ಮುಚ್ಚಿಕೊಳ್ಳುತ್ತದೆ ಅಲ್ವಾ? ನನ್ನದು ಬಾಗಿಲು ತೆರೆದಿಟ್ಟು ಮಲಗಿತ್ತು.

ಒಂಬತ್ತನೇ ದಿನ ಪೈಪಿನ ಹೊರಗೆ ಒಂದು ಮಗ್ಗುಲಾಗಿ ಬಿದ್ದಿತ್ತು. ಹೊಟ್ಟೆಯ ಕೆಳಗಿನ ಈಜುಗಾಲುಗಳು ಮಾತ್ರ ನಿಧಾನಕ್ಕೆ ಆಡುತ್ತಿದ್ದವು. ಅರ್ಧ ನೀರು ಬದಲಾಯಿಸಿದೆ. ಬೆಳಗಾಗುವಷ್ಟರಲ್ಲಿ ಹೋಗಿತ್ತು.

ಆಮೇಲೆ ತಾಮ್ರದ ಟೆಸ್ಟ್ ಕಿಟ್ ತಂದು ನೋಡಿದರೆ ಬಣ್ಣ ಬಂತು, ಅಂದರೆ ನೀರಿನಲ್ಲಿ ತಾಮ್ರ ಇತ್ತು. ಟ್ಯಾಂಕ್ ಕೊಟ್ಟವರಿಗೆ ಫೋನ್ ಮಾಡಿದೆ. "ಹೌದು ಸರ್, ಮೀನಿಗೆ ವೈಟ್ ಸ್ಪಾಟ್ ಬಂದಿತ್ತು, ಒಂದ್ಸಲ ಔಷಧಿ ಹಾಕಿದ್ದೆ. ಆಗಿ ಒಂದು ವರ್ಷ ಆಯ್ತಲ್ಲ, ನೀರು ಎಷ್ಟೋ ಸಲ ಬದಲಾಯಿಸಿದ್ದೀನಿ" ಅಂದರು. ಅವರು ಮೋಸ ಮಾಡಿದರು ಅಂತ ನನಗೆ ಅನ್ನಿಸಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ವೈಟ್ ಸ್ಪಾಟ್ ರೋಗಕ್ಕೆ ಬಳಸುವ ಹಲವು ಔಷಧಿಗಳಲ್ಲಿ ತಾಮ್ರವೇ ಮುಖ್ಯ. ಮೀನು ತಡೆದುಕೊಳ್ಳುವ ಆ ಪ್ರಮಾಣ ಸೀಗಡಿ, ಏಡಿ, ಬಸವನಹುಳುಗಳಿಗೆ ವಿಷ. ವಿಚಿತ್ರ ನೋಡಿ, ಸೀಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದೂ ತಾಮ್ರವೇ. ಬೇಕಾದ್ದು ಚೂರೇ ಚೂರು, ಜಾಸ್ತಿಯಾದರೆ ಸಾವು. ನೀರು ಬದಲಾಯಿಸಿದರೆ ನೀರಿನಲ್ಲಿರುವುದು ಹೋಗುತ್ತದೆ. ಸುಣ್ಣದಂಶದ ಕಲ್ಲು, ಮರಳು ಹೀರಿಕೊಂಡದ್ದು ಅಲ್ಲೇ ಕೂತು, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತದೆ.

ಹಳೇ ಕಲ್ಲು ತೆಗೆದುಕೊಳ್ಳಲೇಬೇಕು ಅಂದರೆ ಬಕೆಟ್‌ನಲ್ಲಿ ಉಪ್ಪುನೀರು ಹಾಕಿ ಕೆಲವು ದಿನ ನೆನೆಸಿ, ತಾಮ್ರ ಪರೀಕ್ಷಿಸಿ. ಕಿಟ್‌ನಲ್ಲಿ ಬಣ್ಣ ಬರದಿದ್ದರೂ ಒಂದೆರಡು ಬಸವನಹುಳು ಬಿಟ್ಟು ವಾರಗಟ್ಟಲೆ ನೋಡಿ. ನನ್ನ ಮಟ್ಟಿಗೆ ಹೊಸ ಒಣಕಲ್ಲೇ ವಾಸಿ. ಕಲ್ಲನ್ನು ಮೊದಲು ತಳಕ್ಕೆ ಕೂರಿಸಿ, ಆಮೇಲೆ ಮರಳು ಸುರಿಯಿರಿ. ಮರಳಿನ ಮೇಲಿಟ್ಟರೆ ಸೀಗಡಿ ಕೆಳಗಿನಿಂದ ತೋಡಿ ಕಲ್ಲನ್ನು ತನ್ನ ಮೇಲೇ ಕೆಡವಿಕೊಳ್ಳುತ್ತದೆ. ಹೀಟರ್ ಅದರ ಏಟಿಗೆ ಸಿಗದ ಕಡೆ ಇರಲಿ. ಆವಿಯಾದ ನೀರಿನ ಜಾಗಕ್ಕೆ ಸಿಹಿನೀರನ್ನೇ ಹಾಕಿ, ಉಪ್ಪು ಆವಿಯಾಗುವುದಿಲ್ಲ. ಬರೀ ಕೈ ಒಳಗೆ ಹಾಕಬೇಡಿ, ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಕಲ್ಲು, ಮರಳು, ಫಿಲ್ಟರಿನ ಸ್ಪಂಜು ಯಾವುದನ್ನೂ ಯಾರಿಗೂ ಕೊಟ್ಟಿಲ್ಲ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ "ತಾಮ್ರ" ಅಂತ ಬರೆದಿಟ್ಟಿದ್ದೇನೆ. ಟ್ಯಾಂಕನ್ನು ಉಜ್ಜಿ ತೊಳೆದು, ಹೊಸ ಕಲ್ಲು ಹಾಕಿ ಇಂದಿಗೆ ಏಳು ವಾರ. ಮೊನ್ನೆ ರಾತ್ರಿ ಟಾರ್ಚ್ ಬಿಟ್ಟೆ. ಹೊಸದಾಗಿ ತಂದ ಎರಡು ಬಸವನಹುಳು ಅಕ್ರಿಲಿಕ್ ಮೇಲಿನ ಪಾಚಿ ಕೆರೆಯುತ್ತಾ ಹೋಗಿದ್ದ ದಾರಿ ಅಂಕುಡೊಂಕಾಗಿ ಕಾಣುತ್ತಿತ್ತು.