ಅಡಿಕೆ ಅಂಗಳದಲ್ಲೊಂದು ಈಜುಕೊಳ: ಎರಡು ಬೇಸಿಗೆಗಳ ಅನುಭವ

ಪುತ್ತೂರು ತಾಲ್ಲೂಕಿನ ನಮ್ಮ ಮನೆಯಲ್ಲಿ ಅಡಿಕೆ ಒಣಗಿಸುವ ಅಂಗಳ ಏಪ್ರಿಲ್ ಹೊತ್ತಿಗೆ ಅರ್ಧಕ್ಕರ್ಧ ಖಾಲಿಯಾಗುತ್ತದೆ. ಮೊಮ್ಮಕ್ಕಳು ರಜೆಗೆ ಬರುವುದೂ ಆಗಲೇ. ತೋಟದ ತಲೆಯಲ್ಲಿ ಸಿಲ್ಪಾಲಿನ್ ಎಂಬ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿದ ನೀರಿನ ಹೊಂಡವಿದೆಯಾದರೂ, ಪಾಚಿಗಟ್ಟಿದ ಆ ಇಳಿಜಾರಿನಲ್ಲಿ ಒಮ್ಮೆ ಜಾರಿದರೆ ಈಜು ಬಲ್ಲವರಿಗೂ ಹತ್ತಿ ಬರುವುದು ಕಷ್ಟವಾದ್ದರಿಂದ ಮಕ್ಕಳನ್ನು ಅತ್ತ ಬಿಡುವಂತಿಲ್ಲ. ಈ ಕಾರಣಕ್ಕೆ ಎರಡು ವರ್ಷಗಳ ಹಿಂದೆ ಸುಮಾರು 18,000 ರೂಪಾಯಿ ಕೊಟ್ಟು, ನೆಲ ಅಗೆಯದೆ ಮೇಲೆಯೇ ನಿಲ್ಲಿಸುವ, ಉಕ್ಕಿನ ಕೊಳವೆಗಳ ಚೌಕಟ್ಟಿರುವ ಈಜುಕೊಳವೊಂದನ್ನು ಆನ್‌ಲೈನಿನಲ್ಲಿ ತರಿಸಿದೆವು. ಹತ್ತು ಅಡಿ ಅಗಲ, 30 ಇಂಚು ಎತ್ತರ, ಸುಮಾರು 4,485 ಲೀಟರ್ ನೀರು, ಜೊತೆಗೊಂದು ಸಣ್ಣ ಶೋಧಕ ಪಂಪು.

ಚೌಕಟ್ಟು ಜೋಡಿಸಲು ಒಂದು ಗಂಟೆಯೂ ಬೇಕಾಗಲಿಲ್ಲ, ಆದರೆ ನೆಲ ಸಮ ಮಾಡಲು ಒಂದು ದಿನ ಪೂರ್ತಿ ಹೋಯಿತು. ಮಳೆನೀರು ಹರಿದುಹೋಗಲೆಂದು ಅಡಿಕೆ ಅಂಗಳಕ್ಕೆ ಮೊದಲೇ ಒಂದಿಷ್ಟು ವಾಟ ಕೊಟ್ಟಿರುತ್ತಾರೆಂಬುದು ಮರೆತುಹೋಗಿ, ಕಣ್ಣಳತೆಯಲ್ಲೇ ನಿಲ್ಲಿಸಿ ನೀರು ಬಿಟ್ಟೆವು. ಗೇಣುದ್ದ ತುಂಬುವಷ್ಟರಲ್ಲಿ ಬಾವಿಯ ಕಡೆಯ ಅಂಚಿನಲ್ಲಿ ನೀರು ಮೂರು ಬೆರಳು ಹೆಚ್ಚು ನಿಂತು, ಆ ಬದಿಯ ಕಾಲುಗಳು ಹೊರಕ್ಕೆ ಚಾಚತೊಡಗಿದವು. ಎಲ್ಲವನ್ನೂ ಹೊರಚೆಲ್ಲಿ, ಮೇಸ್ತ್ರಿಯನ್ನು ಕರೆಸಿ ರಸಮಟ್ಟ ಹಿಡಿಸಿ, ಜರಡಿ ಹಿಡಿದ ಮರಳಿನ ಮೇಲೆ ಹಳೆಯ ಟಾರ್ಪಾಲು ಮಡಚಿ ಹಾಸಿ ಮತ್ತೆ ನಿಲ್ಲಿಸಬೇಕಾಯಿತು. ಕೊಳ ಕೊಳ್ಳುವವರು ಮೊದಲು ನೋಡಬೇಕಾದದ್ದು ಬೆಲೆಯನ್ನಲ್ಲ, ನೆಲವನ್ನು.

ನೀರಿನ ಖರ್ಚು ನಾವು ಅಂಜಿದಷ್ಟು ಇರಲಿಲ್ಲ. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬಿಡುವ ಲೆಕ್ಕದಲ್ಲಿ, ಕೊಳ ಒಮ್ಮೆ ತುಂಬಿಸುವ ನೀರು ಇನ್ನೂರು ಚಿಲ್ಲರೆ ಮರಗಳ ಒಂದು ದಿನದ ಪಾಲು, ಅಷ್ಟೇ. ಖಾಲಿ ಮಾಡುವ ಮೂರು ದಿನ ಮೊದಲೇ ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ ಬಿಸಿಲಿಗೆ ತೆರೆದಿಟ್ಟರೆ ಅದರ ಅಂಶ ಇಳಿದುಹೋಗುವುದರಿಂದ, ಆ ನೀರೂ ಕೊನೆಗೆ ತೋಟಕ್ಕೇ ಹೋಗುತ್ತದೆ.

ನಿಜವಾದ ಕೆಲಸವಿರುವುದು ನೀರನ್ನು ಕೆಡದಂತೆ ಇಟ್ಟುಕೊಳ್ಳುವುದರಲ್ಲಿ. ಮೊದಲ ವರ್ಷ ಬೋರಿನ ನೀರು ತುಂಬಿಸಿದ್ದೆವು. ನೋಡಲು ತಿಳಿಯಾಗಿಯೇ ಇತ್ತು. ಸಂಜೆ ಕ್ಲೋರಿನ್ ಹಾಕಿ, ಬೆಳಿಗ್ಗೆ ಹೊದಿಕೆ ಎತ್ತಿದಾಗ ಕೊಳದ ತುಂಬ ಹಾಲು ಹಾಕದ ಕಣ್ಣ ಚಹಾದ ಬಣ್ಣ, ತಳದಲ್ಲಿ ಇಟ್ಟಿಗೆಪುಡಿಯಂಥ ಗಷ್ಟು. ನೀರಿನಲ್ಲಿ ಕರಗಿದ್ದ ಕಬ್ಬಿಣ ಕ್ಲೋರಿನ್ ತಗುಲಿ ತುಕ್ಕಾಗಿ ಹೊರಬಂದಿತ್ತು. ಶೋಧಕದ ಕಾಗದದ ಸುರುಳಿಯನ್ನು ದಿನಕ್ಕೆರಡು ಬಾರಿ ತೊಳೆದರೂ ತಿಳಿಯಾಗಲು ನಾಲ್ಕು ದಿನ ಹಿಡಿಯಿತು. ಮರುವರ್ಷ ತೆರೆದ ಬಾವಿಯ ನೀರು ಹಾಕಿದ್ದರಿಂದ ಆ ಕಾಟ ತಪ್ಪಿತಾದರೂ, ಮುರಕಲ್ಲಿನ ನೆಲದ ನೀರು ಹುಳಿ ಗುಣದ್ದಾದ ಕಾರಣ ಪಿಎಚ್ ಆರರ ಆಸುಪಾಸಿನಲ್ಲಿತ್ತು, ಅದನ್ನು 7.2ರಿಂದ 7.8ರ ನಡುವೆ ತರಲು ವಾಷಿಂಗ್ ಸೋಡಾ ಬೇಕಾಯಿತು. ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರಬೇಕು. ನಮ್ಮ ಕೊಳಕ್ಕೆ ಒಮ್ಮೆಗೆ 30 ಗ್ರಾಂನಷ್ಟು ಬ್ಲೀಚಿಂಗ್ ಪೌಡರ್ ಸಾಕು, ಆದರೆ ಅದನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಹಾಕದಿದ್ದರೆ ಶೋಧಕ ಕಟ್ಟಿಕೊಳ್ಳುತ್ತದೆ.

ಇಷ್ಟಾದ ಮೇಲೂ ದಿನಾ ಬೆಳಿಗ್ಗೆ ಕಸ, ಇರುವೆ, ಒಮ್ಮೊಮ್ಮೆ ಕಪ್ಪೆಯನ್ನೂ ಬಲೆಯಲ್ಲಿ ಎತ್ತಬೇಕು. ಗಂಟೆಗೆ 1,250 ಲೀಟರ್ ಶೋಧಿಸುವ ಪಂಪು ನಾಲ್ಕು ಗಂಟೆ ಓಡಬೇಕು, ಅದೂ ಮಕ್ಕಳು ನೀರಿನಲ್ಲಿಲ್ಲದ ಹೊತ್ತಿನಲ್ಲಿ ಮಾತ್ರ. ಆ ಸಂಪರ್ಕಕ್ಕೆ, ವಿದ್ಯುತ್ ಸೋರಿದರೆ ತಾನಾಗಿ ಕಡಿತ ಮಾಡುವ ಇಎಲ್‌ಸಿಬಿ ಸ್ವಿಚ್ಚು ಹಾಕಿಸದೆ ಪಂಪು ಚಾಲೂ ಮಾಡಲು ನಾನು ಒಪ್ಪಲಿಲ್ಲ. ನಾಲ್ಕು ದಿನ ಉದಾಸೀನ ಮಾಡಿದರೆ ಪಾಚಿ, ಅದರ ಹಿಂದೆ ಸೊಳ್ಳೆಮರಿ. ಮಳೆ ಹಿಡಿಯುವ ಮೊದಲೇ ಬಿಚ್ಚಿ ಚೆನ್ನಾಗಿ ಒಣಗಿಸಿ ಮಡಚದಿದ್ದರೆ ನಮ್ಮ ಕಡೆಯ ಜೂನ್‌ನಲ್ಲಿ ಬೂಷ್ಟು ಖಂಡಿತ.

ಸುರಕ್ಷತೆಯ ವಿಷಯದಲ್ಲಿ ಏಣಿ ತೆಗೆದಿಟ್ಟರೆ ಸಾಕೆಂಬ ನಂಬಿಕೆ ತಪ್ಪು. ಅಮೆರಿಕದಲ್ಲಿ 48 ಇಂಚು ಮತ್ತು ಅದಕ್ಕಿಂತ ಎತ್ತರದ ಇಂಥ ಸುಮಾರು 50 ಲಕ್ಷ ಕೊಳಗಳನ್ನು 2025ರ ಜುಲೈನಲ್ಲಿ ಹಿಂಪಡೆಯುವ ಪ್ರಕಟಣೆ ಹೊರಬಿತ್ತು. ಕಾಲುಗಳ ಹೊರಗೆ ಸುತ್ತಿದ ಪಟ್ಟಿಯನ್ನೇ ಮೆಟ್ಟಿಲು ಮಾಡಿಕೊಂಡು ಎಳೆಯ ಮಕ್ಕಳು ಹತ್ತಿಬಿಡಬಹುದೆಂಬುದು ಅದಕ್ಕೆ ಕಾರಣ. ನಮ್ಮದು 30 ಇಂಚಿನದು, ಮಗುವಿಗೆ ಪಟ್ಟಿಯೂ ಬೇಕಿಲ್ಲ, ಒಂದು ಮಣೆ ಸಾಕು. ಹಾಗಾಗಿ ಮಕ್ಕಳು ನೀರಿನಲ್ಲಿರುವಷ್ಟು ಹೊತ್ತೂ ದೊಡ್ಡವರೊಬ್ಬರು ಮೊಬೈಲ್ ಬದಿಗಿಟ್ಟು ಪಕ್ಕದಲ್ಲೇ ಕೂರಬೇಕೆಂಬ ಕಟ್ಟುನಿಟ್ಟಿದೆ, ಆ ಪಾಳಿ ಹೆಚ್ಚಾಗಿ ನನ್ನದೇ.

ಇದರಲ್ಲಿ ಈಜು ಕಲಿಯಬಹುದೇ ಎಂದರೆ, ಇಲ್ಲ. ನಾಲ್ಕು ಕೈ ಬೀಸುವಷ್ಟರಲ್ಲಿ ಆಚೆ ದಡ. ಆದರೆ ಮೊದಲ ವಾರ ಮೂಗು ಹಿಡಿದುಕೊಂಡೇ ಇಳಿಯುತ್ತಿದ್ದ ಆರು ವರ್ಷದ ಮೊಮ್ಮಗ ರಜೆ ಮುಗಿಯುವಾಗ ತಳದಿಂದ ಹುಣಿಸೆಬೀಜ ಹೆಕ್ಕುತ್ತಿದ್ದ. ನನ್ನ ಮಟ್ಟಿಗೆ 18,000 ರೂಪಾಯಿ ಅಲ್ಲಿಗೆ ವಸೂಲಾಯಿತು.

ಇದನ್ನೆಲ್ಲ ನೋಡಿದ ತಮ್ಮನ ಮಗ ಬೆಂಗಳೂರಿನ ತನ್ನ ಮನೆಯ ತಾರಸಿಯಲ್ಲೂ ಒಂದನ್ನು ಇಡುತ್ತೇನೆಂದು ಹೊರಟಿದ್ದ. ತುಂಬಿದ ಕೊಳ ಒಂದು ಚದರ ಮೀಟರಿಗೆ 600 ಕಿಲೋಗೂ ಮೀರಿ ಭಾರ ಹೇರುತ್ತದೆ. ಓಡಾಡುವ ತಾರಸಿಗೆ, ಕಟ್ಟಡಗಳು ಹೊರಬೇಕಾದ ಭಾರ ಹೇಳುವ ಭಾರತೀಯ ಮಾನದಂಡ ಐಎಸ್ 875 ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಅದಲ್ಲದೆ 2024ರ ಮಾರ್ಚ್‌ನ ಬರಗಾಲದಲ್ಲಿ ಅಲ್ಲಿನ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿದ್ದೂ ಅವನಿಗೆ ಗೊತ್ತಿತ್ತು. ಎರಡನ್ನೂ ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಸುಮ್ಮನಾದ. ಈ ಏಪ್ರಿಲ್‌ನಲ್ಲಿ ಅವನ ಮಗಳೂ ನಮ್ಮಲ್ಲಿಗೇ ಬರಲಿದ್ದಾಳೆ, ಅಂಗಳದ ಅಡಿಕೆಯನ್ನು ಒಂದು ವಾರ ಮೊದಲೇ ಒಳಗೆ ಹಾಕಬೇಕು.