ಅಮೆರಿಕ ಮೊದಲು, ಸರಿ, ಎರಡನೆಯದು ಯಾರು? ಕಚ್ಚಾ ತೈಲದ ಲೆಕ್ಕ ಕೊಡುವ ಪುಕ್ಕಟೆ ತಾಣಗಳ ವಿಮರ್ಶೆ

ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೈಯಲ್ಲಿ ತಿರುಗುವ ಜೆರಾಕ್ಸ್ ನೋಟ್ಸಿನಲ್ಲಿ ‘ಅತಿ ಹೆಚ್ಚು ಕಚ್ಚಾ ತೈಲ ತೆಗೆಯುವ ದೇಶ ಸೌದಿ ಅರೇಬಿಯಾ’ ಎಂಬ ಸಾಲು ಇವತ್ತಿಗೂ ಸಿಗುತ್ತದೆ. 2018ರಿಂದ ಮೊದಲ ಸ್ಥಾನ ಅಮೆರಿಕದ್ದು. ಆ ಸಾಲನ್ನು ತಿದ್ದುವುದು ಸುಲಭ. ಎರಡನೆಯ ಸ್ಥಾನಕ್ಕೆ ಬಂದಾಗ ತೊಡಕು ಶುರುವಾಗುತ್ತದೆ. 2023ರ ಅಂಕಿ ನೋಡಲು ಅಮೆರಿಕ ಸರ್ಕಾರದ ಇಂಧನ ಮಾಹಿತಿ ಸಂಸ್ಥೆ ಇಐಎಯ ತಾಣಕ್ಕೆ ಹೋದರೆ ರಷ್ಯಾ ಎರಡನೆಯದು. ಲಂಡನ್ನಿನ ವೃತ್ತಿಪರ ಸಂಸ್ಥೆ ಎನರ್ಜಿ ಇನ್‌ಸ್ಟಿಟ್ಯೂಟಿನ ವಾರ್ಷಿಕ ಅಂಕಿಅಂಶ ತೆರೆದರೆ ಸೌದಿ ಎರಡನೆಯದು. ಎರಡೂ ಸರಿ.

ನೆಹರು ಗಂಜಿನ ಬೇಳೆ ಮಿಲ್ಲಿನ ಲೆಕ್ಕ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಇವತ್ತು ಎಷ್ಟು ಮಾಲು ಬಂತು’ ಎಂದು ಕೇಳಿದರೆ ಬೇಳೆಯನ್ನಷ್ಟೇ ಹೇಳಬಹುದು, ನುಚ್ಚು ಸೇರಿಸಿ ಹೇಳಬಹುದು, ಚುನ್ನಿ ಹೊಟ್ಟನ್ನೂ ಕೂಡಿಸಿ ಹೇಳಬಹುದು. ತೈಲದಲ್ಲಿ ಬೇಳೆಯ ಜಾಗದಲ್ಲಿರುವುದು ಕಚ್ಚಾ ತೈಲ. ಅದರ ಜೊತೆಗೆ ಬರುವುದು ಕಂಡೆನ್ಸೇಟ್: ನೆಲದೊಳಗೆ ಅನಿಲವಾಗಿದ್ದು, ಮೇಲೆ ಬರುವಾಗ ಒತ್ತಡ ಇಳಿದು ದ್ರವವಾಗುವ ಹಗುರ ಎಣ್ಣೆ. ಮೂರನೆಯದು ನೈಸರ್ಗಿಕ ಅನಿಲವನ್ನು ಸಂಸ್ಕರಿಸುವಾಗ ಬೇರ್ಪಡುವ ಈಥೇನ್, ಪ್ರೊಪೇನ್, ಬ್ಯುಟೇನ್ ಮುಂತಾದ ಅನಿಲದ್ರವಗಳು. ಯಾವ ತಾಣ ಎಲ್ಲಿಯವರೆಗೆ ಕೂಡಿಸುತ್ತದೆ ಎಂಬುದನ್ನು ನೋಡದೆ ಅಂಕಿ ಎತ್ತಿಕೊಂಡರೆ ತಪ್ಪುವುದು ಖಂಡಿತ.

2023ರ ಅಂತರವನ್ನೇ ನೋಡಿ. ಕಚ್ಚಾ ತೈಲ ಮತ್ತು ಕಂಡೆನ್ಸೇಟ್ ಮಾತ್ರ ಲೆಕ್ಕ ಹಿಡಿದರೆ ದಿನಕ್ಕೆ ಅಮೆರಿಕ ಸುಮಾರು 129 ಲಕ್ಷ ಬ್ಯಾರೆಲ್, ರಷ್ಯಾ 101 ಲಕ್ಷ, ಸೌದಿ 97 ಲಕ್ಷ. ಅನಿಲದ್ರವಗಳನ್ನೂ ಕೂಡಿಸುವ ಎನರ್ಜಿ ಇನ್‌ಸ್ಟಿಟ್ಯೂಟಿನ ಪಟ್ಟಿಯಲ್ಲಿ ಅಮೆರಿಕ ಸುಮಾರು 194 ಲಕ್ಷ, ಸೌದಿ 114 ಲಕ್ಷ, ರಷ್ಯಾ 111 ಲಕ್ಷ. ಜಗತ್ತಿನ ಮೊತ್ತವೂ ಹೀಗೆಯೇ ಏರಿಳಿಯುತ್ತದೆ: ಮೊದಲನೆಯ ಲೆಕ್ಕದಲ್ಲಿ 8 ಕೋಟಿಗಿಂತ ತುಸು ಹೆಚ್ಚು, ಎರಡನೆಯದರಲ್ಲಿ 9.6 ಕೋಟಿ. ಜೈವಿಕ ಇಂಧನ ಮತ್ತು ಸಂಸ್ಕರಣೆಯಲ್ಲಿ ಹಿಗ್ಗುವ ಪ್ರಮಾಣವನ್ನೂ ಕೂಡಿಸುವ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪೂರೈಕೆ ಲೆಕ್ಕ 10 ಕೋಟಿ ದಾಟುತ್ತದೆ. ಒಂದು ವಾಕ್ಯದಲ್ಲಿ ಒಂದು ಕಡೆಯ ದೇಶದ ಅಂಕಿ, ಇನ್ನೊಂದು ಕಡೆಯ ಜಗತ್ತಿನ ಮೊತ್ತ ಹಾಕಿ ‘ಶೇಕಡಾ ಇಷ್ಟು’ ಎಂದು ಬರೆಯುವುದು ಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ತಪ್ಪು.

‘ಕಚ್ಚಾ ತೈಲ’ ಎಂಬ ಪದಕ್ಕೆ ನಿಷ್ಠೆಯಿಂದ ಉತ್ತರ ಬೇಕಿದ್ದರೆ ಇಐಎ ತಾಣವೇ ಮೊದಲ ಆಯ್ಕೆ. ಇಂಟರ್‌ನ್ಯಾಷನಲ್ ವಿಭಾಗಕ್ಕೆ ಹೋಗಿ, ಪೆಟ್ರೋಲಿಯಂ ಅಂಡ್ ಅದರ್ ಲಿಕ್ವಿಡ್ಸ್ ಒತ್ತಿ, ಪ್ರೊಡಕ್ಷನ್ ಆರಿಸಬೇಕು. ಅಲ್ಲಿಗೆ ನಿಲ್ಲಬಾರದು. ಮೇಲೆ ಕಾಣುವ ಮೊತ್ತದ ಸಾಲಿನಲ್ಲಿ ಎಲ್ಲ ಬಗೆಯ ದ್ರವಗಳೂ ಸೇರಿರುತ್ತವೆ. ಅದನ್ನು ಬಿಡಿಸಿ ‘ಕ್ರೂಡ್ ಆಯಿಲ್ ಇನ್‌ಕ್ಲೂಡಿಂಗ್ ಲೀಸ್ ಕಂಡೆನ್ಸೇಟ್’ ಎಂಬ ಸಾಲಿಗೆ ಇಳಿಯಬೇಕು. ಆಮೇಲೆ ವಾರ್ಷಿಕವೋ ಮಾಸಿಕವೋ ಆರಿಸಿ, ಕೋಷ್ಟಕವಾಗಿ ತೆರೆಯುವ ಸಿಎಸ್‌ವಿ ಕಡತ ಇಳಿಸಿಕೊಳ್ಳಿ. ಮೊಬೈಲಿನಲ್ಲಿ ಈ ಪಟ್ಟಿಯನ್ನು ಓದುವುದು ಹಿಂಸೆ, ಕಡತ ಇಳಿಸಿಕೊಂಡು ಗೂಗಲ್ ಶೀಟ್ಸಿನಲ್ಲಿ ತೆರೆಯುವುದೇ ಮೇಲು.

ಇಲ್ಲಿ ಒಂದು ಅಕ್ಷರ ಬಹಳ ಜನರನ್ನು ಕೆಡವುತ್ತದೆ. ಇಐಎ ಪಟ್ಟಿಯಲ್ಲಿ ‘ಎಂಬಿ/ಡಿ’ (Mb/d) ಎಂದಿದ್ದರೆ ಆ ದೊಡ್ಡಕ್ಷರದ ಎಂ ರೋಮನ್ ಅಂಕಿಯ ಸಾವಿರ, ಮಿಲಿಯನ್ ಅಲ್ಲ. ತೈಲ ರಫ್ತು ದೇಶಗಳ ಕೂಟವಾದ ಒಪೆಕ್ ಮತ್ತು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ವರದಿಗಳಲ್ಲಿ ಸಣ್ಣಕ್ಷರದ ಎಂ (mb/d) ಇದ್ದರೆ ಅದು ಮಿಲಿಯನ್. ಇಐಎಯಲ್ಲಿ 12,900 ಎಂದು ಕಂಡದ್ದು ಕನ್ನಡಕ್ಕೆ ಬರುವಾಗ 1 ಕೋಟಿ 29 ಲಕ್ಷ ಆಗಬೇಕು. ಸೊನ್ನೆ ಎಣಿಸುವ ಮೊದಲು ಒಂದು ಮಿಲಿಯನ್ ಎಂದರೆ 10 ಲಕ್ಷ ಎಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಎಡವಟ್ಟು ದೇಶಗಳ ಹೆಸರಿನದು. ರಷ್ಯಾದ ಸಾಲು 1992ರಿಂದ ಶುರುವಾಗುತ್ತದೆ, ಅದಕ್ಕೂ ಹಿಂದಿನದು ಸೋವಿಯತ್ ಒಕ್ಕೂಟ ಎಂಬ ಬೇರೆ ಸಾಲಿನಲ್ಲಿದೆ. ಖಾಲಿ ಕೋಶಗಳನ್ನು ಶೀಟು ಸೊನ್ನೆ ಎಂದು ಓದಿದರೆ, ರಷ್ಯಾ 1992ರಲ್ಲಿ ನೆಲದಿಂದ ಒಮ್ಮೆಲೇ ಚಿಮ್ಮಿದಂತೆ ಗ್ರಾಫ್ ಬರುತ್ತದೆ. ಸುಡಾನ್ ಮತ್ತು ದಕ್ಷಿಣ ಸುಡಾನ್ 2011ರಲ್ಲಿ ಬೇರೆಯಾದ ಕಾರಣ ಅಲ್ಲಿಯೂ ಇದೇ ಕಥೆ. ಗ್ರಾಫ್ ಹಾಕುವ ಮೊದಲು ಖಾಲಿ ಕೋಶಗಳನ್ನು ಖಾಲಿಯಾಗಿಯೇ ಬಿಡುವ ಆಯ್ಕೆ ಒತ್ತಬೇಕು.

ಅಮೆರಿಕದ ವಾರದ ಅಂಕಿಯ ಬಗ್ಗೆ ಒಂದು ಎಚ್ಚರಿಕೆ. ಸಾಮಾನ್ಯವಾಗಿ ಬುಧವಾರ ಹೊರಬೀಳುವ ಸಾಪ್ತಾಹಿಕ ಉತ್ಪಾದನೆ ಒಂದು ಅಂದಾಜು. ಕಂಪನಿಗಳಿಂದ ನಮೂನೆ 914ರಲ್ಲಿ ಲೆಕ್ಕ ತರಿಸಿ ಮಾಡುವ ಮಾಸಿಕ ಅಂಕಿ ಎರಡು ತಿಂಗಳು ತಡವಾಗಿ ಬರುತ್ತದೆ, ನಂಬಬೇಕಾದದ್ದು ಅದನ್ನು. ವಾರದ ಅಂಕಿ ಹಿಡಿದು ‘ಹೊಸ ದಾಖಲೆ’ ಎಂದು ಬರೆದದ್ದು ಮಾಸಿಕ ಲೆಕ್ಕದಲ್ಲಿ ಕರಗಿಹೋಗಬಹುದು.

ದಶಕಗಳ ಏರಿಳಿತ ನೋಡಬೇಕೆಂದರೆ ಎನರ್ಜಿ ಇನ್‌ಸ್ಟಿಟ್ಯೂಟಿನ ಎಕ್ಸೆಲ್ ಕಡತಕ್ಕೆ ಸಾಟಿಯಿಲ್ಲ. 1952ರಿಂದ ಬಿಪಿ ಕಂಪನಿ ಹೊರತರುತ್ತಿದ್ದ ಈ ವಾರ್ಷಿಕವನ್ನು 2023ರಿಂದ ಇನ್‌ಸ್ಟಿಟ್ಯೂಟ್ ನಡೆಸುತ್ತಿದೆ. ವರ್ಷಕ್ಕೊಮ್ಮೆ ಬರುವ ಕಡತ, ಪೂರಾ ಪುಕ್ಕಟೆ, ತೈಲ ಉತ್ಪಾದನೆ 1965ರಿಂದ ಒಂದೇ ಹಾಳೆಯಲ್ಲಿ ಸಾಲಾಗಿ ನಿಂತಿದೆ. ಪ್ರದೇಶವಾರು ಮೊತ್ತಗಳನ್ನು ಗೆರೆಯಾಗಿ ಎಳೆದರೆ ಜಗತ್ತಿನ ಚಿತ್ರವೇ ಬದಲಾದದ್ದು ಕಣ್ಣಿಗೆ ಕಟ್ಟುತ್ತದೆ. ಉತ್ತರ ಅಮೆರಿಕ 2008ರಲ್ಲಿ ದಿನಕ್ಕೆ ಸುಮಾರು 130 ಲಕ್ಷ ಬ್ಯಾರೆಲ್ ಇದ್ದದ್ದು 2023ಕ್ಕೆ 270 ಲಕ್ಷ ಮುಟ್ಟಿತು. ಟೆಕ್ಸಾಸ್ ಮತ್ತು ನ್ಯೂ ಮೆಕ್ಸಿಕೊದ ಪರ್ಮಿಯನ್ ಜಲಾನಯನದಲ್ಲಿ ಅಡ್ಡಬಾವಿ ಕೊರೆದು ಒತ್ತಡದ ನೀರು, ಮರಳಿನಿಂದ ಬಂಡೆ ಸೀಳುವ ವಿಧಾನ ಮತ್ತು ಕೆನಡಾದ ಅಲ್ಬರ್ಟಾದ ಎಣ್ಣೆಮರಳು, ಅಂದರೆ ದಪ್ಪ ಎಣ್ಣೆ ಅಂಟಿದ ಮರಳು, ಇದಕ್ಕೆ ಮುಖ್ಯ ಕಾರಣ. ಇದೇ ಹೊತ್ತಿಗೆ ಯುರೋಪಿನ ಗೆರೆ ಇಳಿಯುತ್ತಲೇ ಹೋಯಿತು. ಉತ್ತರ ಸಮುದ್ರದ ಬಾವಿಗಳು ಮುದಿಯಾದವು. ಬ್ರಿಟನ್ 1999ರಲ್ಲಿ, ನಾರ್ವೆ 2001ರಲ್ಲಿ ತುದಿ ಮುಟ್ಟಿದವು, 2019ರಲ್ಲಿ ಶುರುವಾದ ಯೋಹಾನ್ ಸ್ವೆರ್ಡ್ರುಪ್ ಕ್ಷೇತ್ರ ನಾರ್ವೆಯನ್ನಷ್ಟೇ ಸ್ವಲ್ಪ ಎತ್ತಿ ಹಿಡಿದಿದೆ.

ಮಧ್ಯಪ್ರಾಚ್ಯದ ಗೆರೆ ಮೇಲೆಯೇ ಇದೆ, ಸುಮಾರು 300 ಲಕ್ಷ. ಆದರೆ ಅದರ ಏರಿಳಿತವನ್ನು ಓದುವ ಬಗೆ ಬೇರೆ. ಅಲ್ಲಿ ಇಳಿದದ್ದೆಲ್ಲ ಬಾವಿ ಬತ್ತಿದ್ದಲ್ಲ. 2023ರ ಜುಲೈಯಲ್ಲಿ ಸೌದಿ ಬೇಕೆಂದೇ ಉತ್ಪಾದನೆಯನ್ನು 90 ಲಕ್ಷ ಬ್ಯಾರೆಲಿನ ಆಸುಪಾಸಿಗೆ ಇಳಿಸಿತು. ವೆನೆಜುವೆಲಾದ ಇಳಿತ ಇನ್ನೂ ಬೇರೆ ಜಾತಿಯದು: 1990ರ ದಶಕದ ಕೊನೆಗೆ 30 ಲಕ್ಷ ದಾಟಿದ್ದ ದೇಶ, ನೆಲದಡಿ ಅಪಾರ ನಿಕ್ಷೇಪ ಇದ್ದರೂ, ಹೂಡಿಕೆ ನಿಂತು, ಪರಿಣತರು ದೇಶ ಬಿಟ್ಟು, ಮೇಲೆ ನಿರ್ಬಂಧವೂ ಬಿದ್ದು 2020ರಲ್ಲಿ 6–7 ಲಕ್ಷಕ್ಕೆ ಕುಸಿಯಿತು. ಬತ್ತಿದ್ದು, ತಡೆಹಿಡಿದದ್ದು, ಕುಸಿದದ್ದು ಮೂರೂ ಎಕ್ಸೆಲ್ ಹಾಳೆಯಲ್ಲಿ ಒಂದೇ ಥರ ಕಾಣುತ್ತವೆ. ಇದು ಆ ಕಡತದ ನಿಜವಾದ ಕೊರತೆ. ಪಕ್ಕದಲ್ಲಿ ಕಾರಣದ ಒಂದು ಸಾಲೂ ಇಲ್ಲ, ಓದುವವರೇ ಬರೆದುಕೊಳ್ಳಬೇಕು.

ಗಯಾನಾದ ಸಾಲನ್ನು ಹುಡುಕಿ ನೋಡಿ. 2019ರ ಡಿಸೆಂಬರಿನಲ್ಲಿ ಕಡಲೊಳಗಿನ ಲಿಜಾ ಕ್ಷೇತ್ರದಲ್ಲಿ ತೈಲ ತೆಗೆಯಲು ಶುರು ಮಾಡಿದ ದೇಶ 2024ರಲ್ಲಿ ದಿನಕ್ಕೆ 6 ಲಕ್ಷ ಬ್ಯಾರೆಲ್ ದಾಟಿತು. ಅಲ್ಲಿಯ ಜನಸಂಖ್ಯೆ ಕಲಬುರಗಿ ಜಿಲ್ಲೆಯ ಮೂರನೇ ಒಂದು ಭಾಗದಷ್ಟು. ಇಡೀ ಭಾರತ ತೆಗೆಯುವಷ್ಟು ತೈಲವನ್ನು ಅದು ಐದು ವರ್ಷದಲ್ಲಿ ತೆಗೆಯತೊಡಗಿತು.

ಈ ಕಡತದಲ್ಲಿ ಬ್ಯಾರೆಲಿನ ಹಾಳೆ ಬೇರೆ, ಟನ್ನಿನ ಹಾಳೆ ಬೇರೆ. ಇದನ್ನು ಸೇರು ಮತ್ತು ಕಿಲೊ ಎಂದು ಅರ್ಥಮಾಡಿಕೊಳ್ಳಿ. ಒಂದು ಸೇರು ಜೋಳದ ತೂಕ, ಒಂದು ಸೇರು ಅರಳಿನ ತೂಕ ಒಂದೇ ಅಲ್ಲ. ಬ್ಯಾರೆಲ್ ಅಳತೆ, ಸುಮಾರು 159 ಲೀಟರ್; ಟನ್ ತೂಕ. ಸರಾಸರಿ ಕಚ್ಚಾ ತೈಲಕ್ಕೆ ಟನ್ನಿಗೆ 7.33 ಬ್ಯಾರೆಲ್ ಎಂಬ ಸೂತ್ರ ಎಲ್ಲ ಪುಸ್ತಕಗಳಲ್ಲಿದೆ. ಅದನ್ನು ಎಲ್ಲದಕ್ಕೂ ಹಚ್ಚಿದರೆ ಏನಾಗುತ್ತದೆ ನೋಡಿ: 2023ರಲ್ಲಿ ಅಮೆರಿಕದ ಟನ್ ಲೆಕ್ಕ ಸುಮಾರು 82.7 ಕೋಟಿ. ಇದನ್ನು 7.33ರಿಂದ ಗುಣಿಸಿ 365ರಿಂದ ಭಾಗಿಸಿದರೆ ದಿನಕ್ಕೆ 166 ಲಕ್ಷ ಬ್ಯಾರೆಲ್ ಬರುತ್ತದೆ. ಅದೇ ಕಡತದ ಬ್ಯಾರೆಲ್ ಹಾಳೆಯಲ್ಲಿ ಇರುವುದು 194 ಲಕ್ಷ. ನಡುವೆ 28 ಲಕ್ಷ ಮಾಯ, ಹತ್ತಿರಹತ್ತಿರ ಕುವೈತಿನ ಇಡೀ ಉತ್ಪಾದನೆಯಷ್ಟು. ಅಮೆರಿಕದ ಲೆಕ್ಕದಲ್ಲಿ ಹಗುರಾದ ಈಥೇನ್, ಪ್ರೊಪೇನ್ ಬಹಳ ಇರುವುದರಿಂದ ಒಂದು ಟನ್ನಿಗೆ ಹೆಚ್ಚು ಬ್ಯಾರೆಲ್ ಬೀಳುತ್ತವೆ. ಎರಡೂ ಹಾಳೆ ಕೈಯಲ್ಲಿರುವಾಗ ಸೂತ್ರದ ಗೊಡವೆಗೆ ಹೋಗಲೇಬಾರದು.

ಭಾರ–ಹಗುರ ಎಂಬ ಮಾತು ನಮ್ಮ ಕಡೆ ನೇರವಾಗಿ ಮುಟ್ಟುತ್ತದೆ. ಸಿಮೆಂಟ್ ಗೂಡುಗಳಲ್ಲಿ ಕಲ್ಲಿದ್ದಲಿನ ಜೊತೆ ಪೆಟ್‌ಕೋಕ್ ಸುಡುವುದು ದೇಶದೆಲ್ಲೆಡೆ ಇರುವ ರೂಢಿ. ವಾಡಿ, ಮಳಖೇಡ, ಸೇಡಂ ಇರುವುದೇ ಸಿಮೆಂಟಿನ ಮೇಲೆ. ಆ ಪೆಟ್‌ಕೋಕ್ ಭಾರವಾದ ಕಚ್ಚಾ ತೈಲ ಸಂಸ್ಕರಿಸಿದ ಮೇಲೆ ಉಳಿಯುವ ಗಸಿಯಿಂದ ಆಗುವಂಥದ್ದು. ವೆನೆಜುವೆಲಾದ ಒರಿನೊಕೊ ತೈಲ, ಕೆನಡಾದ ಎಣ್ಣೆಮರಳು ಆ ಜಾತಿಯವು. ಪರ್ಮಿಯನ್ ತೈಲ ಹಗುರ, ಗಸಿ ಕಡಿಮೆ. ಆದರೆ ದೇಶವಾರು ಪಟ್ಟಿಯಲ್ಲಿ ಎರಡಕ್ಕೂ ಒಂದೇ ಬ್ಯಾರೆಲ್.

ತಿಂಗಳ ಲೆಕ್ಕಕ್ಕೆ ‘ಜೋಡಿ’ (JODI) ಎಂಬ ಹೆಸರಿನ ದತ್ತಾಂಶವಿದೆ, ರಿಯಾದಿನ ಅಂತರರಾಷ್ಟ್ರೀಯ ಇಂಧನ ವೇದಿಕೆ ನಡೆಸುವಂಥದ್ದು. ದೇಶಗಳು ತಾವೇ ಕಳಿಸಿದ ಅಂಕಿಗಳು ಎರಡು ತಿಂಗಳ ಅಂತರದಲ್ಲಿ ಸಿಗುತ್ತವೆ. ಇದರಲ್ಲಿ ಇಷ್ಟವಾಗುವುದು ಕೋಶಗಳ ಬಣ್ಣ. ನೀಲಿ ಇದ್ದರೆ ಬೇರೆ ಮೂಲಗಳೊಂದಿಗೆ ಹೊಂದುತ್ತದೆ ಎಂದರ್ಥ, ಹಳದಿ ಇದ್ದರೆ ಟಿಪ್ಪಣಿ ಓದಿ ಬಳಸಬೇಕು, ಬಿಳಿ ಇದ್ದರೆ ಯಾರೂ ತಾಳೆ ನೋಡಿಲ್ಲ. ಇಷ್ಟು ಪ್ರಾಮಾಣಿಕವಾಗಿ ತನ್ನ ಅಂಕಿಯ ಗಟ್ಟಿತನವನ್ನು ಕೋಶದ ಮೇಲೇ ತೋರಿಸುವುದು ಅಪರೂಪ. ಸಿಎಸ್‌ವಿಗೆ ಇಳಿಸಿದಾಗ ಬಣ್ಣ ಕಾಣಿಸುವುದಿಲ್ಲ, ಅದರ ಬದಲು ಬರುವ ಸಂಕೇತದ ಕಾಲಮ್ಮನ್ನು ಅಳಿಸಬೇಡಿ.

ಒಪೆಕ್ ಮಾಸಿಕ ವರದಿಯಲ್ಲಿ ಸದಸ್ಯ ದೇಶಗಳಿಗೆ ಎರಡು ಪಟ್ಟಿ ಇರುತ್ತವೆ: ದೇಶ ತಾನೇ ಹೇಳಿದ್ದು ಒಂದು, ಹೊರಗಿನ ಸಂಸ್ಥೆಗಳು ಅಂದಾಜಿಸಿದ್ದು ಇನ್ನೊಂದು. ಯಾವ ದೇಶ ಎಷ್ಟು ತೆಗೆಯಬಹುದು ಎಂಬ ಕೋಟಾದ ಪಾಲನೆ ಅಳೆಯುವುದು ಎರಡನೆಯದರಿಂದ. ಕಂಡೆನ್ಸೇಟ್ ಇದರಲ್ಲಿ ಸೇರುವುದಿಲ್ಲ. ಕತಾರ್ 2019ರಲ್ಲಿ, ಈಕ್ವೆಡಾರ್ 2020ರಲ್ಲಿ, ಅಂಗೋಲಾ 2024ರ ಆರಂಭದಲ್ಲಿ ಒಪೆಕ್‌ನಿಂದ ಹೊರಬಿದ್ದವು. ಹಳೆಯ ವರದಿಯ ಒಪೆಕ್ ಮೊತ್ತ, ಹೊಸ ವರದಿಯ ಒಪೆಕ್ ಮೊತ್ತ ಪಕ್ಕದಲ್ಲಿಟ್ಟರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಅವರ್ ವರ್ಲ್ಡ್ ಇನ್ ಡೇಟಾ ಎಂಬ ತಾಣದ ನಕ್ಷೆಗಳು ನೋಡಲು ಚಂದ, ತರಗತಿಯಲ್ಲಿ ತೋರಿಸಲು ಅನುಕೂಲ. ಅಂಕಿ ಮಾತ್ರ ಶಕ್ತಿಯ ಅಳತೆಯಾದ ಟೆರಾವ್ಯಾಟ್ ಅವರ್‌ನಲ್ಲಿರುತ್ತದೆ, ಬ್ಯಾರೆಲ್ ಬೇಕೆನ್ನುವವರಿಗೆ ಉಪಯೋಗವಿಲ್ಲ.

ಭಾರತದ ಲೆಕ್ಕಕ್ಕೆ ಪೆಟ್ರೋಲಿಯಂ ಸಚಿವಾಲಯದ ಯೋಜನೆ ಮತ್ತು ವಿಶ್ಲೇಷಣಾ ಘಟಕ ಪಿಪಿಎಸಿ ಬಿಟ್ಟು ಬೇರೆ ಕಡೆ ಹೋಗುವ ಅಗತ್ಯವಿಲ್ಲ. ಸ್ನ್ಯಾಪ್‌ಶಾಟ್ ಎಂಬ ಮಾಸಿಕ ಪಿಡಿಎಫ್‌ನಲ್ಲಿ ಉತ್ಪಾದನೆ, ಆಮದು, ಬಳಕೆ ಎಲ್ಲವೂ ಇವೆ. 2011–12ರಲ್ಲಿ 3.81 ಕೋಟಿ ಟನ್ ತಲುಪಿದ್ದ ದೇಶೀಯ ಉತ್ಪಾದನೆ 2023–24ಕ್ಕೆ 2.94 ಕೋಟಿ ಟನ್ನಿಗೆ ಇಳಿದಿದೆ. 1976ರಿಂದ ಎಣ್ಣೆ ಕೊಡುತ್ತಿರುವ ಮುಂಬೈ ಕಡಲಿನ ಬಾಂಬೆ ಹೈ ಹಳತಾಗಿದೆ, 2009ರಲ್ಲಿ ಶುರುವಾಗಿ ಆ ಏರಿಕೆಗೆ ಕಾರಣವಾದ ರಾಜಸ್ಥಾನದ ಬಾರ್ಮೇರದ ಮಂಗಲಾ ಕ್ಷೇತ್ರ ಕೂಡ ಇಳಿಮುಖ. ಇಂಥ ಬಾವಿಗಳಲ್ಲಿ ಎಣ್ಣೆಗಿಂತ ನೀರೇ ಹೆಚ್ಚು ಮೇಲೆ ಬರತೊಡಗುತ್ತದೆ.

ಇಲ್ಲಿ ಬೀಳುವ ಹಳ್ಳಗಳು ಮೂರು. ಇದು ಏಪ್ರಿಲ್–ಮಾರ್ಚ್ ಲೆಕ್ಕ, ಇಐಎಯ ಜನವರಿ–ಡಿಸೆಂಬರ್ ಜೊತೆ ನೇರ ಹೋಲಿಸಲಾಗದು. ಟಿಎಂಟಿ ಎಂದರೆ ಸಾವಿರ ಟನ್, ಎಂಎಂಟಿ ಎಂದರೆ ದಶಲಕ್ಷ ಟನ್. ಒಂದೇ ಪುಟದಲ್ಲಿ ಎರಡೂ ಬರುತ್ತವೆ. ಇನ್ನು ಆಮದು ಅವಲಂಬನೆ ಶೇ 88ರ ಹತ್ತಿರ ಎಂಬ ಅಂಕಿ ದೇಶದೊಳಗಿನ ಬಳಕೆಯ ಮೇಲೆ ತೆಗೆದದ್ದು. ನಮ್ಮ ಸಂಸ್ಕರಣಾಗಾರಗಳು ರಫ್ತಿಗೂ ಡೀಸೆಲ್ ಮಾಡುವುದರಿಂದ, ಆಮದಾದ ಕಚ್ಚಾ ತೈಲವನ್ನು ಬಳಕೆಯಿಂದ ಭಾಗಿಸಿದರೆ ಆ ಶೇಕಡಾ ಬರುವುದಿಲ್ಲ, ನೂರರ ಹತ್ತಿರ ಹೋಗಿಬಿಡುತ್ತದೆ.

ಲಾರಿ ಮಾಲೀಕರು ಈ ತಾಣಗಳಿಂದ ಬಂಕಿನ ದರ ಊಹಿಸಲು ಹೊರಟರೆ ನಿರಾಸೆ ಖಚಿತ. 2024ರ ಜೂನ್‌ನಲ್ಲಿ ಕಲಬುರಗಿಯಲ್ಲಿ ಪೆಟ್ರೋಲ್, ಡೀಸೆಲ್ ಲೀಟರಿಗೆ ಮೂರು ರೂಪಾಯಿಯಷ್ಟು ಏರಿದ್ದು ರಾಜ್ಯ ಮಾರಾಟ ತೆರಿಗೆಯಿಂದ. ಅದರ ಸುಳಿವು ಯಾವ ಬ್ಯಾರೆಲ್ ಪಟ್ಟಿಯಲ್ಲೂ ಇರಲಿಲ್ಲ.

ಪಿಪಿಎಸಿ ಪಟ್ಟಿಯಲ್ಲಿ ಅಂಕಿಯ ಪಕ್ಕ ಆವರಣದೊಳಗೆ ‘ಪಿ’ ಇದ್ದರೆ ಅದು ತಾತ್ಕಾಲಿಕ. ಮುಂದಿನ ತಿಂಗಳುಗಳಲ್ಲಿ ಬದಲಾಗಬಹುದು. ನೋಟ್ಸಿಗೆ ಬರೆದುಕೊಳ್ಳುವವರು ಅಂಕಿಯ ಜೊತೆ ಆ ‘ಪಿ’ಯನ್ನೂ, ಪಿಡಿಎಫ್ ಯಾವ ತಿಂಗಳದ್ದು ಎಂಬುದನ್ನೂ ಬರೆದಿಟ್ಟುಕೊಂಡರೆ ಮುಂದಿನ ವರ್ಷ ತಿದ್ದುವವರಿಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತದೆ.